ಒಟ್ಲಿಗೆ ಬಂದ ಸಿಳ್ಳೆ ಬಾತು ಸಣ್ಣದಾ, ದೊಡ್ಡದಾ? ಬಾಲದ ಬುಡ ನೋಡಿ ಹೇಳಿ

ಬೆಳಗಿನ ಜಾವ ಐದೂವರೆ. ನಿನ್ನೆ ಸಂಜೆ ತಾನೇ ಮೊಳಕೆ ಭತ್ತ ಚೆಲ್ಲಿದ ಒಟ್ಲು ನೋಡೋಕೆ ಮೊಬೈಲ್ ಟಾರ್ಚ್ ಹಿಡ್ಕೊಂಡು ಹೋಗ್ತೀರಿ. ಸಮ ಮಾಡಿದ್ದ ಮಡಿಯ ಕೆಸರು ಅಲ್ಲಲ್ಲಿ ಕಲಸಿಹೋಗಿದೆ. ಬೀಜ ಇದ್ದ ಜಾಗದಲ್ಲಿ ಬರೀ ಗುಂಡಿ. ನಿಮ್ಮ ಹೆಜ್ಜೆ ಸದ್ದಿಗೆ ಮೂವತ್ತು ನಲವತ್ತು ಹಕ್ಕಿ ಒಟ್ಟಿಗೆ ಮೇಲೆದ್ದು, ಸಿಳ್ಳೆ ಹಾಕ್ತಾ ಕೆರೆ ಕಡೆ ಹಾರಿಹೋಗ್ತವೆ.

ಅವೇ ಸಿಳ್ಳೆ ಬಾತುಗಳು. ಕೆಲವು ಕಡೆ ಕಾಡುಬಾತು ಅಂತಾರೆ, ಕೆಲವು ಕಡೆ ನೀರುಬಾತು ಅಂತಾರೆ. ಆದ್ರೆ ಭಾರತದಲ್ಲಿ ಸಿಳ್ಳೆ ಬಾತು ಒಂದಲ್ಲ, ಎರಡು ಜಾತಿ ಇವೆ. ನೋಡೋಕೆ ಅಣ್ಣ ತಮ್ಮಂದಿರ ಹಾಗೆ. ಒಂದು ನಮ್ಮ ಕೆರೆಗಳಲ್ಲಿ ದಿನಾ ಕಾಣೋದು. ಇನ್ನೊಂದು ನಮ್ಮ ಕಡೆ ತುಂಬಾ ಅಪರೂಪ.

"ಬೀಜ ತಿಂದ ಮೇಲೆ ಯಾವುದಾದ್ರೇನು?" ಅಂತ ಕೇಳಬಹುದು. ಬೀಜ ಕಾಪಾಡೋ ಕ್ರಮ ಎರಡಕ್ಕೂ ಒಂದೇ, ನಿಜ. ಆದ್ರೂ ಬಂದ ಹಕ್ಕಿ ಯಾವುದು, ಅದು ಎಲ್ಲಿಂದ ಬಂತು, ಎಷ್ಟು ದಿನ ಇರುತ್ತೆ ಅಂತ ಗೊತ್ತಿದ್ರೆ ನೀವು ಮಾಡೋ ಕೆಲಸಾನೇ ಬದಲಾಗುತ್ತೆ. ಸಿಟ್ಟಿನಲ್ಲಿ ವಿಷದ ಡಬ್ಬಿ ತೆಗೆಯೋ ಮೊದಲು ಐದು ನಿಮಿಷ ಇದನ್ನ ಓದಿ.

ಯಾರು ಇವರು?

ಪ್ರಪಂಚದಲ್ಲಿ ಸಿಳ್ಳೆ ಬಾತುಗಳ ಕುಲದಲ್ಲಿ ಒಟ್ಟು 8 ಜಾತಿ ಇವೆ. ಕುಲದ ವೈಜ್ಞಾನಿಕ ಹೆಸರು ಡೆಂಡ್ರೊಸಿಗ್ನಾ. ಅಂದ್ರೆ ಮರದ ಹಂಸ. ಬಾತು ಆಗಿದ್ರೂ ಮರದ ಕೊಂಬೆ ಮೇಲೆ ಕೂರ್ತವೆ, ಅದಕ್ಕೇ ಆ ಹೆಸರು. ಉದ್ದ ಕಾಲು, ಉದ್ದ ಕತ್ತು, ನಿಲ್ಲೋದು ನೆಟ್ಟಗೆ. ಸಾಕು ಬಾತಿನ ಹಾಗೆ "ಕ್ವಾಕ್ ಕ್ವಾಕ್" ಅನ್ನಲ್ಲ, ಸಿಳ್ಳೆ ಹಾಕ್ತವೆ.

ಭಾರತದಲ್ಲಿರೋ ಎರಡು ಇವು:

- ಸಣ್ಣ ಸಿಳ್ಳೆ ಬಾತು (ಡೆಂಡ್ರೊಸಿಗ್ನಾ ಜಾವಾನಿಕಾ). ಉದ್ದ ಸುಮಾರು 40 ಸೆಂಟಿಮೀಟರ್, ತೂಕ ಅರ್ಧ ಕಿಲೋ ಆಸುಪಾಸು. ಭಾರತ, ಶ್ರೀಲಂಕಾದಿಂದ ಇಂಡೊನೇಷ್ಯಾದವರೆಗೆ ಇದರ ವಾಸ.
- ದೊಡ್ಡ ಸಿಳ್ಳೆ ಬಾತು (ಡೆಂಡ್ರೊಸಿಗ್ನಾ ಬೈಕಲರ್). ಉದ್ದ 45ರಿಂದ 53 ಸೆಂಟಿಮೀಟರ್, ತೂಕ ಮುಕ್ಕಾಲು ಕಿಲೋ ಹತ್ತಿರ. ಅಮೆರಿಕ ಖಂಡಗಳು, ಆಫ್ರಿಕಾ, ಭಾರತ ಉಪಖಂಡ, ಹೀಗೆ ಸಮುದ್ರದಾಚೆ ಈಚೆ ಎಲ್ಲಾ ಕಡೆ ಇದೆ. ಇಷ್ಟು ದೂರ ದೂರ ಇದ್ರೂ ಎಲ್ಲಾ ಕಡೆ ರೂಪ ಒಂದೇ, ಉಪಜಾತಿ ಅಂತ ಬೇರೆ ಮಾಡಿಲ್ಲ.

ಎರಡರಲ್ಲೂ ಗಂಡು ಹೆಣ್ಣು ನೋಡೋಕೆ ಒಂದೇ ಥರ. ಹಾಗಾಗಿ ಗುಂಪಿನಲ್ಲಿ ಒಂದು ದೊಡ್ಡದು, ಒಂದು ಸಣ್ಣದು ಕಂಡ್ರೆ "ಇದು ಗಂಡು, ಅದು ಹೆಣ್ಣು" ಅಂತ ಅಂದ್ಕೋಬೇಡಿ.

ಗುರುತು ಹಿಡಿಯೋದು ಹೇಗೆ?

ಗಾತ್ರ ನಂಬಬೇಡಿ. ಎರಡೂ ಅಕ್ಕಪಕ್ಕ ನಿಂತ್ರೆ ಮಾತ್ರ ಅದು ಗೊತ್ತಾಗುತ್ತೆ. ಒಂಟಿಯಾಗಿ ನೀರಿನ ಮೇಲಿದ್ರೆ ಅನುಭವ ಇರೋರೂ ಮೋಸ ಹೋಗ್ತಾರೆ. ಈ ಗುರುತು ನೋಡಿ.

*1. ಬಾಲದ ಬುಡ.* ಇದೇ ಎಲ್ಲಕ್ಕಿಂತ ಗಟ್ಟಿ ಗುರುತು. ಹಕ್ಕಿ ಹಾರುವಾಗ ಬೆನ್ನು ಮುಗಿದು ಬಾಲ ಶುರುವಾಗೋ ಜಾಗ ನೋಡಿ. ಅಲ್ಲಿ ಇಟ್ಟಿಗೆ ಕೆಂಪು ಇದ್ರೆ ಸಣ್ಣ ಸಿಳ್ಳೆ ಬಾತು. ಕೆನೆ ಬಿಳಿಯ ಪಟ್ಟಿ, ಅರ್ಧಚಂದ್ರದ ಹಾಗೆ ಎದ್ದು ಕಂಡ್ರೆ ದೊಡ್ಡದು.

*2. ರೆಕ್ಕೆಯ ಮೇಲ್ಭಾಗ.* ಸಣ್ಣದರ ರೆಕ್ಕೆಯ ಮುಂಭಾಗದಲ್ಲಿ ಕೆಂಗಂದು ಬಣ್ಣ ಇರುತ್ತೆ, ಹಿಂಭಾಗ ಕಪ್ಪು. ಹಾರುವಾಗ ಎರಡು ಬಣ್ಣ ಬೇರೆ ಬೇರೆ ಕಾಣುತ್ತೆ. ದೊಡ್ಡದರ ರೆಕ್ಕೆ ಪೂರ್ತಿ ಗಾಢ.

*3. ಪಕ್ಕೆ.* ದೊಡ್ಡದರ ಪಕ್ಕೆ ಮೇಲೆ, ಮಡಚಿದ ರೆಕ್ಕೆ ಕೆಳಗೆ, ಕೆನೆ ಬಣ್ಣದ ದಪ್ಪ ಗೀರುಗಳು ಸಾಲಾಗಿ ಕಾಣ್ತವೆ. ನೀರಿನ ಮೇಲೆ ಕೂತಾಗ ದೂರದಿಂದಲೂ ಇದು ಕಾಣುತ್ತೆ. ಸಣ್ಣದರಲ್ಲಿ ಗೀರು ತೆಳ್ಳಗೆ, ಅಷ್ಟು ಎದ್ದು ಕಾಣಲ್ಲ.

*4. ತಲೆ ಮತ್ತು ಕತ್ತು.* ಸಣ್ಣದರ ನೆತ್ತಿ ಮೇಲೆ ಗಾಢ ಕಂದು ಟೋಪಿ ಇಟ್ಟ ಹಾಗಿರುತ್ತೆ. ಕಣ್ಣಿನ ಸುತ್ತ ತೆಳುವಾದ ಹಳದಿ ಉಂಗುರ ಇರುತ್ತೆ, ಹತ್ತಿರದಿಂದ ಮಾತ್ರ ಕಾಣೋದು. ದೊಡ್ಡದರ ತಲೆ ಹೊಳಪಿನ ಕೆಂಗಂದು, ಹಳದಿ ಉಂಗುರ ಇಲ್ಲ. ಕತ್ತಿನ ಹಿಂದೆ ಕಪ್ಪು ಗೆರೆ ಇಳಿದಿರುತ್ತೆ. ಕತ್ತಿನ ಪಕ್ಕದಲ್ಲಿ ಬಿಳಿಚು ಗೀರುಗಳ ತೇಪೆ ಇರುತ್ತೆ.

*5. ಸಿಳ್ಳೆ.* ಸಣ್ಣದು ಎರಡು ಸ್ವರದಲ್ಲಿ "ಸೀ-ಸಿಕ್, ಸೀ-ಸಿಕ್" ಅಂತ ಹಾರ್ತಾನೇ ಕೂಗುತ್ತೆ. ದೊಡ್ಡದು "ಕ್-ವೀಯೂ" ಅಂತ ಎಳೆದು ಕೂಗುತ್ತೆ. ರಾತ್ರಿ ಗದ್ದೆ ಮೇಲೆ ಹಕ್ಕಿ ಕಾಣದೇ ಇದ್ದಾಗ ಕಿವಿಯೇ ಗತಿ.

ಫೋನ್‌ನಲ್ಲಿ ಹಿಡಿಯೋ ಉಪಾಯ

ದೂರದ ಹಕ್ಕಿಯನ್ನ ಫೋನ್‌ನಲ್ಲಿ ಜೂಮ್ ಮಾಡಿ ತೆಗೆದ ಫೋಟೋ ಕಂದು ಚುಕ್ಕೆ ಥರ ಬರುತ್ತೆ, ಅದರಿಂದ ಏನೂ ಗೊತ್ತಾಗಲ್ಲ. ಹೀಗೆ ಮಾಡಿ:

- ಸೂರ್ಯ ನಿಮ್ಮ ಬೆನ್ನ ಹಿಂದೆ ಇರೋ ಹಾಗೆ ನಿಲ್ಲಿ. ಎದುರು ಬಿಸಿಲಿದ್ರೆ ಎಲ್ಲಾ ಹಕ್ಕಿನೂ ಕಪ್ಪಾಗೇ ಕಾಣುತ್ತೆ.
- ಫೋಟೋಗಿಂತ ವಿಡಿಯೋ ಒಳ್ಳೇದು. ಸ್ಲೋ ಮೋಷನ್ ಇದ್ರೆ ಇನ್ನೂ ಒಳ್ಳೇದು. ಗುಂಪು ಮೇಲೇಳೋ ಹೊತ್ತಿನ ಹತ್ತು ಸೆಕೆಂಡು ಸಾಕು. ಮನೆಗೆ ಬಂದು ನಿಲ್ಲಿಸಿ ನಿಲ್ಲಿಸಿ ಬಾಲದ ಬುಡ ನೋಡಿ.
- ಬೈನಾಕ್ಯುಲರ್ ಇದ್ರೆ ಅದರ ಕಣ್ಣಿಗೆ ಫೋನ್ ಕ್ಯಾಮೆರಾ ಒತ್ತಿ ಹಿಡಿದು ತೆಗೀಬಹುದು.
- ಕೂಗನ್ನ ವಾಯ್ಸ್ ರೆಕಾರ್ಡರ್‌ನಲ್ಲಿ ಹಿಡಿದಿಟ್ಕೊಳ್ಳಿ. ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯದ ಮರ್ಲಿನ್ ಅನ್ನೋ ಆ್ಯಪ್ ಉಚಿತ. ಭಾರತದ ಹಕ್ಕಿಗಳ ಪ್ಯಾಕ್ ಇಳಿಸಿಕೊಂಡ್ರೆ ಫೋಟೋ ನೋಡಿ ಹೆಸರು ಸೂಚಿಸುತ್ತೆ. ಆದ್ರೆ ಆ್ಯಪ್ ಹೇಳಿದ್ದೇ ಕೊನೆ ಮಾತಲ್ಲ, ಮೇಲಿನ ಗುರುತುಗಳ ಜೊತೆ ಹೋಲಿಸಿ ನೋಡಿ.

ನಮ್ಮ ಕೆರೆಯಲ್ಲಿ ಯಾವುದು ಇರುತ್ತೆ?

ಕರ್ನಾಟಕದಲ್ಲಿ ಕಾಣೋದು ಹೆಚ್ಚುಕಮ್ಮಿ ಎಲ್ಲವೂ ಸಣ್ಣ ಸಿಳ್ಳೆ ಬಾತು. ಮಂಡ್ಯ, ಮೈಸೂರಿನ ನಾಲೆ ಸೀಮೆ ಇರಲಿ, ದಾವಣಗೆರೆಯ ಭದ್ರಾ ಅಚ್ಚುಕಟ್ಟು ಇರಲಿ, ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯ ತುಂಗಭದ್ರಾ ಬಯಲು ಇರಲಿ, ಜೊಂಡು ಬೆಳೆದ ಕೆರೆ ಮತ್ತು ಪಕ್ಕದಲ್ಲೇ ಭತ್ತ ಎರಡೂ ಸಿಕ್ಕರೆ ಇದಕ್ಕೆ ಅದೇ ಸ್ವರ್ಗ.

ದೊಡ್ಡ ಸಿಳ್ಳೆ ಬಾತು ಭಾರತದಲ್ಲಿ ಮುಖ್ಯವಾಗಿ ಅಸ್ಸಾಂ, ಪಶ್ಚಿಮ ಬಂಗಾಳ, ಮಣಿಪುರದ ಕಡೆಯ ಹಕ್ಕಿ. ದಕ್ಷಿಣದಲ್ಲಿ ಅಪರೂಪ. ನಿಮ್ಮ ಗುಂಪಿನಲ್ಲಿ ಒಂದು ಹಕ್ಕಿಗೆ ಬಾಲದ ಬುಡದಲ್ಲಿ ಕೆನೆ ಬಿಳಿ ಪಟ್ಟಿ ಕಂಡ್ರೆ, ವಿಡಿಯೋ ತೆಗೆದು, ದಿನಾಂಕ, ಕೆರೆ ಹೆಸರು ಬರೆದಿಟ್ಟು, ನಿಮ್ಮ ತಾಲ್ಲೂಕಿನ ಪಕ್ಷಿ ವೀಕ್ಷಕರಿಗೋ ಅರಣ್ಯ ಇಲಾಖೆಯವರಿಗೋ ತೋರಿಸಿ. ಅದು ದೊಡ್ಡ ಸುದ್ದಿ.

ಇಲ್ಲೊಂದು ತಪ್ಪು ಕಲ್ಪನೆ ಬಿಡಿಸಬೇಕು. ತುಂಬಾ ಜನ "ಇವು ಫಾರಿನ್ ಹಕ್ಕಿ, ಚಳಿಗಾಲ ಮುಗಿದ್ರೆ ಹೋಗ್ತವೆ" ಅಂತಾರೆ. ಉತ್ತರದ ದೇಶಗಳಿಂದ ವಲಸೆ ಬರೋ ಬಾತುಗಳು ಅಕ್ಟೋಬರ್, ನವೆಂಬರ್ ಹೊತ್ತಿಗೆ ಬಂದು ಮಾರ್ಚ್, ಏಪ್ರಿಲ್‌ನಲ್ಲಿ ವಾಪಸ್ ಹೋಗ್ತವೆ. ಮುಂಗಾರಿನ ಒಟ್ಲು ಬಿಡೋದು ಜೂನ್, ಜುಲೈನಲ್ಲಿ. ಆಗ ಅವು ಇಲ್ಲೇ ಇರಲ್ಲ. ಸಣ್ಣ ಸಿಳ್ಳೆ ಬಾತು ಮಾತ್ರ ವರ್ಷಪೂರ್ತಿ ಇಲ್ಲೇ ಇರೋ ಹಕ್ಕಿ. ನೀರು ನೋಡ್ಕೊಂಡು ಕೆರೆಯಿಂದ ಕೆರೆಗೆ ಹೋಗುತ್ತೆ ಅಷ್ಟೆ. ಹಾಗಾಗಿ "ಹೋಗ್ತವೆ ಬಿಡು" ಅಂತ ಕಾಯೋದ್ರಿಂದ ಪ್ರಯೋಜನ ಇಲ್ಲ. ಪ್ರತಿ ವರ್ಷ ಒಟ್ಲು ಬಿಡೋ ಮೊದಲೇ ತಯಾರಿ ಬೇಕು.

ನಿಜವಾಗ್ಲೂ ಇವೇ ತಿಂದವಾ?

ಸಿಳ್ಳೆ ಬಾತು ಹಗಲು ಕೆರೆ ನಡುವೆ, ಏರಿ ಪಕ್ಕ ಗುಂಪಾಗಿ ವಿಶ್ರಾಂತಿ ತಗೊಳುತ್ತೆ. ಮೇಯೋದು ಹೆಚ್ಚಾಗಿ ಸಂಜೆ ಕತ್ತಲಾದ ಮೇಲೆ. ಹಗಲು ಕೆರೆಯಲ್ಲಿ ನೂರು ಬಾತು ಕಂಡವು ಅಂದ ಮಾತ್ರಕ್ಕೆ ನಿಮ್ಮ ಬೀಜ ತಿಂದದ್ದು ಅವೇ ಅಂತ ಅಲ್ಲ. ಬೆಳಗ್ಗೆ ಬೇಗ ಹೋಗಿ, ಬಿಸಿಲೇರೋ ಮುಂಚೆ ಕೆಸರು ನೋಡಿ:

- ಮೂರು ಬೆರಳಿನ ನಡುವೆ ಪೊರೆ ಇರೋ ಹೆಜ್ಜೆ, ಕಲಸಿದ ಕೆಸರು, ನೀರಿನ ಮೇಲೆ ತೇಲೋ ಪುಕ್ಕ, ಹಿಕ್ಕೆ: ಬಾತು.
- ಪೊರೆ ಇಲ್ಲದ, ಉದ್ದುದ್ದ ಬೆರಳಿನ ಹೆಜ್ಜೆ, ಬುಡದಲ್ಲಿ ಕಿತ್ತು ಹಾಕಿದ ಸಸಿ: ನೇರಳೆ ಜಂಬುಕೋಳಿ ಇರಬಹುದು. ಜೊಂಡಿನ ಪಕ್ಕದ ಮಡಿಯಲ್ಲಿ ಇದು ಹೆಚ್ಚು.
- ಸಸಿಯ ಬುಡ ಓರೆಯಾಗಿ ಕತ್ತರಿಸಿದ ಹಾಗಿದ್ದು, ಬದುವಿನಲ್ಲಿ ಬಿಲ ಇದ್ರೆ: ಇಲಿ.
- ಒಣ ಬಿತ್ತನೆ ಗದ್ದೆಯಲ್ಲಿ ಹಗಲೇ ಬೀಜ ಹೋಗ್ತಿದ್ರೆ: ಪಾರಿವಾಳ, ನವಿಲಿನ ಕಡೆ ನೋಡಿ.

ಇಲಿ ತಿಂದದ್ದಕ್ಕೆ ಬಾತನ್ನ ಓಡಿಸ್ತಾ ಕೂತ್ರೆ ಸಸಿನೂ ಉಳಿಯಲ್ಲ, ನಿದ್ದೆನೂ ಉಳಿಯಲ್ಲ.

ಕಾಪಾಡಬೇಕಾದ್ದು ಹತ್ತು ಹದಿನೈದು ದಿನ

ಎರಡೂ ಬಾತುಗಳ ಊಟದಲ್ಲಿ ಮುಖ್ಯವಾದದ್ದು ನೀರುಗಿಡಗಳ ಬೀಜ, ಎಳೆ ಚಿಗುರು, ಕಾಳು. ಸಣ್ಣದು ಬಸವನಹುಳು, ಎರೆಹುಳು, ಸಣ್ಣ ಮೀನು ಕೂಡ ತಿನ್ನುತ್ತೆ. ದೊಡ್ಡದರ ಊಟ ಹೆಚ್ಚುಕಮ್ಮಿ ಸಸ್ಯವೇ. ಅಂದ್ರೆ ಸಸಿ ಬೇರೂರಿದ ಮೇಲೆ ಇವು ಗದ್ದೆಗೆ ಬಂದ್ರೆ ಕಳೆ ಬೀಜ, ಹುಳ ಮೇಯೋದೇ ಹೆಚ್ಚು. ಜಪಾನಿನ ತಕಾವೊ ಫುರುನೊ ಅನ್ನೋ ರೈತರು ನಾಟಿ ಆದ ಮೇಲೆ ಸಾಕಿದ ಬಾತು ಮರಿಗಳನ್ನ ಗದ್ದೆಗೆ ಬಿಟ್ಟು ಕಳೆ, ಕೀಟ ಹತೋಟಿ ಮಾಡೋ ಪದ್ಧತಿಯನ್ನ ಜಗತ್ತಿಗೇ ತೋರಿಸಿದ್ರು. ಒಟ್ಲಿನಲ್ಲಿ ಶತ್ರು ಆದ ಬಾತು ನಾಟಿ ಗದ್ದೆಯಲ್ಲಿ ಕೂಲಿ ಆಳು ಆಗುತ್ತೆ. ವ್ಯತ್ಯಾಸ ಇರೋದು ಸಸಿಯ ವಯಸ್ಸಿನಲ್ಲಿ.

ಹಾಗಾಗಿ ನಿಮ್ಮ ಖರ್ಚು, ಶ್ರಮ ಎಲ್ಲಾ ಒಟ್ಲಿನ ಅಥವಾ ಡ್ರಮ್ ಸೀಡರ್ ಬಿತ್ತನೆಯ ಮೊದಲ ಹತ್ತು ಹದಿನೈದು ದಿನಕ್ಕೆ ಹಾಕಿ.

1. *ನೀರು ನಿಲ್ಲಿಸಬೇಡಿ.* ಬಾತು ಮೇಯೋಕೆ ಇಷ್ಟಪಡೋದು ತೆಳ್ಳಗೆ ನೀರು ನಿಂತ ಗದ್ದೆ. ಮೊಳಕೆ ಬೀಜ ಚೆಲ್ಲಿದ ಮೊದಲ ದಿನಗಳಲ್ಲಿ ಮಡಿ ಒದ್ದೆ ಇರಬೇಕು, ನೀರು ನಿಂತಿರಬಾರದು. ಬೇರು ಹಿಡಿಯೋಕೂ ಇದೇ ಒಳ್ಳೇದು. ಕಾಲುವೆಗಳ ನೀರು ಬಸಿದು ಹೋಗೋ ಹಾಗೆ ಮಡಿ ಎತ್ತರಿಸಿ ಮಾಡಿ.

2. *ಮಡಿ ಸಮ ಮಾಡಿ.* ತಗ್ಗಿದ್ದ ಕಡೆ ನೀರು ನಿಲ್ಲುತ್ತೆ, ಬಾತು ಮೊದಲು ಇಳಿಯೋದೂ ಅಲ್ಲೇ.

3. *ಬಲೆ ಹಾಕಿ, ಬಿಗಿಯಾಗಿ.* ಒಟ್ಲು ಜಾಗ ಚಿಕ್ಕದು, ಅಲ್ಲಿಗೆ ಬಲೆ ದುಬಾರಿ ಆಗಲ್ಲ. ಗೂಟ ನೆಟ್ಟು ಎರಡು ಮೂರು ಅಡಿ ಎತ್ತರದಲ್ಲಿ ಬಿಗಿದು ಕಟ್ಟಿ. ಸಡಿಲವಾಗಿ ನೆಲದ ಮೇಲೆ ಹಾಸಿದ್ರೆ ಹಕ್ಕಿ, ಹಾವು ಸಿಕ್ಕಿಹಾಕಿಕೊಂಡು ಸಾಯ್ತವೆ. ಕಣ್ಣಿಗೆ ಕಾಣದ ತೆಳು ನೈಲಾನ್ ದಾರದ ಬಲೆ ಬೇಡವೇ ಬೇಡ.

4. *ಹೊಳೆಯೋ ರಿಬ್ಬನ್, ಬೆದರುಗೊಂಬೆ ಜಾಗ ಬದಲಿಸಿ.* ಒಂದೇ ಕಡೆ ನಿಂತ ಬೊಂಬೆಯನ್ನ ಬಾತು ಬೇಗ ಅರ್ಥ ಮಾಡ್ಕೊಳುತ್ತೆ. ಎರಡು ಮೂರು ದಿನಕ್ಕೊಮ್ಮೆ ಜಾಗ ಬದಲಿಸಿ. ರಿಬ್ಬನ್ ಹಗಲಿಗೆ, ಬೆಳದಿಂಗಳಿಗೆ ಮಾತ್ರ ಕೆಲಸ ಮಾಡುತ್ತೆ ಅನ್ನೋದೂ ನೆನಪಿರಲಿ.

5. *ಕಾವಲು ಸಂಜೆಗೆ ಇಡಿ.* ಕತ್ತಲಾಗೋ ಹೊತ್ತಿಗೆ ಗುಂಪು ಗದ್ದೆಗೆ ಇಳಿಯುತ್ತೆ. ಮೊದಲು ಇಳಿಯುವಾಗಲೇ ಟಾರ್ಚ್, ತಮಟೆ ಸದ್ದಿಗೆ ಎಬ್ಬಿಸಿದ್ರೆ ಬೇರೆ ಜಾಗ ನೋಡ್ಕೊಳ್ತವೆ. ಮೇಯೋಕೆ ಶುರು ಮಾಡಿದ ಮೇಲೆ ಎಬ್ಬಿಸೋದು ಕಷ್ಟ.

6. *ಅಕ್ಕಪಕ್ಕದವರು ಒಟ್ಟಿಗೆ ಒಟ್ಲು ಬಿಡಿ.* ಇಡೀ ಬಯಲಲ್ಲಿ ನಿಮ್ಮದೊಂದೇ ಮಡಿ ಇದ್ರೆ ಇಡೀ ಗುಂಪು ನಿಮ್ಮಲ್ಲಿಗೇ ಬರುತ್ತೆ. ಹತ್ತು ಜನ ಒಂದೇ ವಾರ ಬಿಟ್ರೆ ಹೊಡೆತ ಹಂಚಿಹೋಗುತ್ತೆ, ಕಾವಲೂ ಹಂಚ್ಕೋಬಹುದು. ಸಾಧ್ಯ ಆದ್ರೆ ಒಟ್ಲನ್ನ ಕೆರೆ ಅಂಚು ಬಿಟ್ಟು ಮನೆ ಹತ್ತಿರ ಇಟ್ಕೊಳ್ಳಿ.

ಕೊಯ್ಲಿನ ಹೊತ್ತಿಗೆ ಪೈರು ಮಲಗಿ ನೀರಲ್ಲಿ ಬಿದ್ದಿದ್ರೆ ಆಗಲೂ ಬಾತು ಬರಬಹುದು. ಅಲ್ಲಿ ಔಷಧಿ ಒಂದೇ: ಸಮಯಕ್ಕೆ ನೀರು ಬಸಿದು, ತಡ ಮಾಡದೆ ಕೊಯ್ಯೋದು.

ವಿಷ ಹಾಕಿದ್ರೆ ಏನಾಗುತ್ತೆ? ದೊಡ್ಡ ಬಾತಿನ ಕಥೆ ಕೇಳಿ

ಅಮೆರಿಕದ ಟೆಕ್ಸಾಸ್, ಲೂಸಿಯಾನಾ ರಾಜ್ಯಗಳ ಕರಾವಳಿಯಲ್ಲಿ ಭತ್ತ ಬೆಳೀತಾರೆ. ಅಲ್ಲಿ ಭತ್ತದ ಬೇಸಾಯ ಹರಡಿದ ಹಾಗೆ ದೊಡ್ಡ ಸಿಳ್ಳೆ ಬಾತೂ ಹರಡ್ತು. ಗದ್ದೆಯಲ್ಲೇ ಊಟ, ಗದ್ದೆಯಲ್ಲೇ ಗೂಡು. 1960ರ ದಶಕದಲ್ಲಿ ಅಲ್ಲಿನ ರೈತರು ಭತ್ತದ ಬೇರು ತಿನ್ನೋ ಹುಳಕ್ಕೆ ಅಂತ ಬಿತ್ತನೆ ಬೀಜಕ್ಕೆ ಆಲ್ಡ್ರಿನ್ ಅನ್ನೋ ಕೀಟನಾಶಕ ಲೇಪಿಸೋಕೆ ಶುರು ಮಾಡಿದ್ರು. ಹಕ್ಕಿ ಕೊಲ್ಲೋದು ಅವರ ಉದ್ದೇಶ ಆಗಿರಲಿಲ್ಲ. ಆದ್ರೆ ಆ ಬೀಜ ತಿಂದ ಬಾತುಗಳು ಗದ್ದೆಯಲ್ಲೇ ಸತ್ತವು. ನೋಡ್ತಾ ನೋಡ್ತಾ ಸಂಖ್ಯೆ ಕುಸಿದುಹೋಯ್ತು.

ಆಲ್ಡ್ರಿನ್ ದೇಹದೊಳಗೆ, ಮಣ್ಣಲ್ಲಿ ಡೈಎಲ್ಡ್ರಿನ್ ಆಗಿ ಬದಲಾಗಿ ವರ್ಷಗಟ್ಟಲೆ ಉಳಿಯುತ್ತೆ. ಕೊಬ್ಬಿನಲ್ಲಿ ಸೇರ್ಕೊಳುತ್ತೆ. ಹಕ್ಕಿಯಿಂದ ಹದ್ದಿಗೆ, ಮೀನಿಂದ ಮನುಷ್ಯರಿಗೆ ಬರುತ್ತೆ. 1974ರಲ್ಲಿ ಅಮೆರಿಕ ಗೆದ್ದಲು ನಿಯಂತ್ರಣ ಬಿಟ್ಟು ಬೇರೆ ಬಳಕೆಗಳನ್ನ ನಿಲ್ಲಿಸ್ತು. ಆಮೇಲೆ ಬಾತುಗಳು ನಿಧಾನಕ್ಕೆ ಚೇತರಿಸಿಕೊಂಡವು. 2001ರ ಸ್ಟಾಕ್‌ಹೋಮ್ ಒಪ್ಪಂದದಲ್ಲಿ ಜಗತ್ತೇ ಕೈಬಿಡಬೇಕು ಅಂದ ಮೊದಲ ಹನ್ನೆರಡು ರಾಸಾಯನಿಕಗಳಲ್ಲಿ ಆಲ್ಡ್ರಿನ್ ಕೂಡ ಒಂದು. ಭಾರತದಲ್ಲೂ ಅದು ನಿಷೇಧ.

ನಮಗೆ ಇದರಲ್ಲಿ ಎರಡು ಪಾಠ ಇದೆ. ಒಂದು, ಹುಳಕ್ಕೆ ಅಂತ ಹಾಕಿದ ಬೀಜೋಪಚಾರವೂ ಬೀಜ ಮೇಲೆ ಬಿದ್ದಿದ್ರೆ ಹಕ್ಕಿಗೆ ವಿಷ ಆಗುತ್ತೆ. ಉಪಚಾರ ಮಾಡಿದ ಬೀಜ ಬದು ಮೇಲೆ, ರಸ್ತೆ ಮೇಲೆ ಚೆಲ್ಲಿದ್ರೆ ಗುಡಿಸಿ ಹೂತುಬಿಡಿ. ಉಳಿದ ಬೀಜವನ್ನ ಕೋಳಿಗೆ ಹಾಕಬೇಡಿ, ಕೆರೆಗೆ ಎಸೆಯಬೇಡಿ. ಎರಡು, ಬೇಕು ಅಂತಲೇ ಕೀಟನಾಶಕದ ಹರಳು ಕಾಳಿಗೆ ಬೆರೆಸಿ ಇಡೋದು ಬಾತಿನಲ್ಲಿ ನಿಲ್ಲಲ್ಲ. ಸತ್ತ ಹಕ್ಕಿ ತಿಂದ ನಾಯಿ, ಹದ್ದು ಸಾಯುತ್ತೆ. ಅದೇ ನೀರು ಕುಡಿದ ನಿಮ್ಮ ಎಮ್ಮೆಗೆ ತೊಂದರೆ. ಅದೇ ಬಾತನ್ನ ಯಾರೋ ಹಿಡಿದು ಬೇಯಿಸಿದ್ರೆ ಮನುಷ್ಯನ ಜೀವಕ್ಕೇ ಅಪಾಯ.

ಕಾನೂನು ಏನು ಹೇಳುತ್ತೆ?

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಎರಡೂ ರಕ್ಷಿತ ಹಕ್ಕಿಗಳು. 2022ರ ತಿದ್ದುಪಡಿಗೆ ಮುಂಚಿನ ಪಟ್ಟಿಯಲ್ಲಿ ದೊಡ್ಡ ಸಿಳ್ಳೆ ಬಾತು ಹುಲಿ, ಆನೆ ಇದ್ದ ಮೊದಲ ಷೆಡ್ಯೂಲಿನಲ್ಲೇ ಇತ್ತು. ಸಣ್ಣದು ಉಳಿದ ಬಾತುಗಳ ಜೊತೆ ನಾಲ್ಕನೇ ಷೆಡ್ಯೂಲಿನಲ್ಲಿತ್ತು. ತಿದ್ದುಪಡಿ ಆದ ಮೇಲೂ ಬೇಟೆ, ವಿಷ, ಬಲೆ ಹಾಕಿ ಹಿಡಿಯೋದು, ಮೊಟ್ಟೆ ತೆಗೆಯೋದು ಎಲ್ಲವೂ ಅಪರಾಧವೇ. ಸಾಮಾನ್ಯ ಅಪರಾಧಕ್ಕೇ ಮೂರು ವರ್ಷದವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಬಾತು ಹಿಡಿದ ರೀಲ್ಸ್ ಹಾಕಿದ್ರೆ ಸಾಕ್ಷಿ ನೀವೇ ಕೊಟ್ಟ ಹಾಗೆ.

ಗೂಡು ಸಿಕ್ಕಿದ್ರೆ

ಸಣ್ಣ ಸಿಳ್ಳೆ ಬಾತು ಮಳೆಗಾಲದಲ್ಲಿ ಮರಿ ಮಾಡುತ್ತೆ. ಗೂಡು ಮರದ ಪೊಟರೆಯಲ್ಲಿ ಇರಬಹುದು, ಕಾಗೆ, ಹದ್ದು ಬಿಟ್ಟುಹೋದ ಹಳೇ ಗೂಡಲ್ಲಿ ಇರಬಹುದು, ಕೆರೆ ಪಕ್ಕದ ಹುಲ್ಲಿನ ನಡುವೆ ನೆಲದ ಮೇಲೂ ಇರಬಹುದು. ಸಾಮಾನ್ಯವಾಗಿ 7ರಿಂದ 12 ಮೊಟ್ಟೆ. ಅಪ್ಪ, ಅಮ್ಮ ಇಬ್ಬರೂ ಸರದಿಯಲ್ಲಿ ಕಾವು ಕೊಡ್ತವೆ. 22ರಿಂದ 24 ದಿನಕ್ಕೆ ಮರಿ ಹೊರಗೆ ಬರುತ್ತೆ. ದೊಡ್ಡದರಲ್ಲೂ ಇಬ್ಬರೂ ಕಾವು ಕೊಡೋದೇ ಪದ್ಧತಿ, ಕಾಲ ಒಂದೆರಡು ದಿನ ಹೆಚ್ಚು.

ಮಳೆಗಾಲದಲ್ಲಿ ಬದು ಸವರುವಾಗ, ಹುಲ್ಲಿಗೆ ಬೆಂಕಿ ಹಾಕೋ ಯೋಚನೆ ಇದ್ದಾಗ ಒಂದು ಸುತ್ತು ನೋಡಿ. ಮೊಟ್ಟೆ ಕಂಡ್ರೆ ಆ ಎರಡು ಗಜ ಜಾಗ ಒಂದು ತಿಂಗಳು ಬಿಟ್ಟುಬಿಡಿ. ಮರಿಗಳು ಒಂಟಿಯಾಗಿ ಕಂಡ್ರೂ ಮನೆಗೆ ತರಬೇಡಿ, ತಂದೆ ತಾಯಿ ಹತ್ತಿರದಲ್ಲೇ ಇರ್ತವೆ. ಇನ್ನು ಕೆರೆಯಲ್ಲಿ ಹಲವು ಬಾತು ಒಟ್ಟಿಗೆ ಸತ್ತು ಬಿದ್ದಿದ್ರೆ ಬರಿಗೈಯಲ್ಲಿ ಮುಟ್ಟಬೇಡಿ. ಹಕ್ಕಿಜ್ವರದ ಅನುಮಾನ ಇರುತ್ತೆ. ಪಶುವೈದ್ಯರಿಗೆ ತಿಳಿಸಿ, ನಿಮ್ಮ ಕೋಳಿಗಳನ್ನ ಕೆರೆ ಕಡೆ ಬಿಡಬೇಡಿ.

ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ

ಸಣ್ಣ ಸಿಳ್ಳೆ ಬಾತು
- ಬಾಲದ ಬುಡ: ಇಟ್ಟಿಗೆ ಕೆಂಪು
- ರೆಕ್ಕೆ: ಮುಂದೆ ಕೆಂಗಂದು, ಹಿಂದೆ ಕಪ್ಪು
- ಪಕ್ಕೆ: ತೆಳು ಗೀರು
- ಕಣ್ಣು: ಹಳದಿ ಉಂಗುರ
- ಕೂಗು: ಸೀ-ಸಿಕ್
- ನಮ್ಮಲ್ಲಿ: ವರ್ಷಪೂರ್ತಿ, ಸಾಮಾನ್ಯ

ದೊಡ್ಡ ಸಿಳ್ಳೆ ಬಾತು
- ಬಾಲದ ಬುಡ: ಕೆನೆ ಬಿಳಿ ಅರ್ಧಚಂದ್ರ
- ರೆಕ್ಕೆ: ಪೂರ್ತಿ ಗಾಢ
- ಪಕ್ಕೆ: ದಪ್ಪ ಕೆನೆ ಗೀರು
- ಕಣ್ಣು: ಉಂಗುರ ಇಲ್ಲ
- ಕೂಗು: ಕ್-ವೀಯೂ
- ನಮ್ಮಲ್ಲಿ: ಅಪರೂಪ, ಕಂಡ್ರೆ ವಿಡಿಯೋ ತೆಗೀರಿ

ಈ ವಾರ ಒಂದು ಕೆಲಸ ಮಾಡಿ. ಸಂಜೆ ಆರರ ಹೊತ್ತಿಗೆ ನಿಮ್ಮ ಊರ ಕೆರೆ ಏರಿ ಮೇಲೆ ಹತ್ತು ನಿಮಿಷ ನಿಂತು, ಗುಂಪು ಯಾವ ಕಡೆಗೆ ಹಾರುತ್ತೆ ನೋಡಿ. ಮುಂದಿನ ಒಟ್ಲು ಎಲ್ಲಿ ಬಿಡಬಾರದು ಅನ್ನೋದು ಆ ದಿಕ್ಕು ನೋಡಿದ್ರೇ ಗೊತ್ತಾಗುತ್ತೆ.